ಅಮ್ಮನ ಮುಖಕ್ಕೊಂದು ನಕ್ಷೆ

ನಮ್ಮ ಮನೆಗೆ ದಾರಿ ಕೇಳಿದವರಿಗೆ ನಾನು ಬಾಯಿಮಾತಿನಲ್ಲಿ ಹೇಳುವವನಲ್ಲ, ಬರೆದುಕೊಡುವವನು. ಬಸವೇಶ್ವರನಗರದ ಅಡ್ಡರಸ್ತೆ, ಮುಖ್ಯರಸ್ತೆ, ಹಂತ, ಬ್ಲಾಕುಗಳ ಚಕ್ರವ್ಯೂಹದೊಳಗೆ ‘ಹೀಗೇ ಸೀದಾ ಬಂದು ಎಡಕ್ಕೆ ತಿರುಗಿ’ ಎಂಬ ಉಪದೇಶವನ್ನು ನಂಬಿ ಹೊರಟ ಎಷ್ಟೋ ಸಜ್ಜನರು ಪಕ್ಕದ ಬಡಾವಣೆಯಲ್ಲಿ ಮೋಕ್ಷ ಪಡೆದಿದ್ದಾರೆ. ಆದ್ದರಿಂದ ಪತ್ರಿಕೆಯ ಅಂಚಿನಲ್ಲೋ ಔಷಧಿ ಚೀಟಿಯ ಬೆನ್ನಮೇಲೋ ಒಂದು ಚೌಕ ಬರೆದು, ಅದರಿಂದೊಂದು ಬಾಣ ಹೊರಡಿಸಿ, ಬಾಣದ ತುದಿಗೆ ಮತ್ತೊಂದು ಚೌಕವನ್ನು ಕೂರಿಸುತ್ತೇನೆ. ದಾರಿಯಲ್ಲಿ ಸಿಗುವ ದರ್ಶಿನಿಯ ಮುಂದೆ ಒಂದು ವಜ್ರಾಕೃತಿ ಬರೆದು ‘ಹಸಿವಾಗಿದೆಯೇ?’ ಎಂದು ಕೇಳಿರುತ್ತೇನೆ. ಹೌದಾದರೆ ಒಳಗೆ, ಇಲ್ಲವಾದರೆ ಮುಂದಕ್ಕೆ. ಇಷ್ಟು ಸ್ಪಷ್ಟವಾದ ನಕ್ಷೆ ಕೈಯಲ್ಲಿದ್ದೂ ಜನ ಬಾಗಿಲ ಮುಂದೆ ನಿಂತು ಫೋನು ಮಾಡಿ ‘ಸಾರ್, ಯಾವ ಮನೆ?’ ಎಂದು ಕೇಳುವುದು ಬೇರೆ ಮಾತು.

ಇದು ವೃತ್ತಿಯಿಂದ ಅಂಟಿದ ರೋಗ. ರಾಜಾಜಿನಗರದ ಕಾರ್ಖಾನೆಯೊಂದರ ಯೋಜನಾ ವಿಭಾಗದಲ್ಲಿ ಕೂತು, ಕಬ್ಬಿಣದ ತುಂಡೊಂದು ಗೇಟಿನೊಳಗೆ ಬಂದದ್ದು ಮೊದಲ್ಗೊಂಡು ಬಣ್ಣ ಬಳಿಸಿಕೊಂಡು ಹೊರಹೋಗುವವರೆಗೆ ಅದರ ಜಾತಕವನ್ನು ಚೌಕ ಮತ್ತು ಬಾಣಗಳಲ್ಲಿ ಬರೆಯುವುದೇ ನನ್ನ ಜೀವಮಾನದ ಕಾಯಕವಾಗಿತ್ತು. ಮನ್ಮಥನ ಬತ್ತಳಿಕೆಯಲ್ಲಿ ಇದ್ದದ್ದು ಐದೇ ಬಾಣ, ನನ್ನದರಲ್ಲಿ ಅಸಂಖ್ಯಾತ. ಅವನಷ್ಟು ಗುರಿ ಮಾತ್ರ ನನಗಿರಲಿಲ್ಲ. ಮದುವೆಯಾದ ಹೊಸದರಲ್ಲಿ ತಿಳಿಸಾರಿನ ವಿಧಾನವನ್ನೂ ನಕ್ಷೆಯಾಗಿ ಬರೆದು ಹೆಂಡತಿಗೆ ಪ್ರೀತಿಪೂರ್ವಕವಾಗಿ ಒಪ್ಪಿಸಿದ್ದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಬಿಸಿ ಪಾತ್ರೆ ಇಳಿಸಲು ಬಳಸಿದಳು. ನಿವೃತ್ತನಾದ ಮೇಲೆ ಬರೆಯಲು ಏನೂ ಇಲ್ಲದೆ ಬೆರಳು ಕಡಿಯುತ್ತಿದ್ದ ಕಾಲದಲ್ಲಿ, ಹೋದ ವರ್ಷ, ಮಾತಿನಲ್ಲಿ ಹೇಳಿದ್ದನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬರೆದುಕೊಡುವ ಈ ಕೃತಕ ಬುದ್ಧಿಯ ಯಂತ್ರ ನನ್ನ ಪಾಲಿಗೆ ಬಂತು.

ಮಲ್ಲತ್ತಹಳ್ಳಿ ಕೆರೆಯ ಸುತ್ತ ನಮ್ಮ ಜೊತೆ ನಡೆಯಲು ಬರುವ ಮಿತ್ರರೊಬ್ಬರು ಒಂದು ಬೆಳಿಗ್ಗೆ ಮೊಬೈಲು ತೆಗೆದು ತಮ್ಮ ತಾತನ ಹಳೆಯ ಫೋಟೋವನ್ನು ತೋರಿಸಿದರು. ಆ ಯಂತ್ರದ ಕೃಪೆಯಿಂದ ಗೆದ್ದಲು ತಿಂದಿದ್ದ ಅರ್ಧ ಮುಖ ತುಂಬಿಕೊಂಡಿತ್ತು, ಪೇಟಕ್ಕೆ ಜರಿ ಬಂದಿತ್ತು, ತಾತ ಈಗತಾನೆ ಸ್ನಾನ ಮಾಡಿ ಬಂದವರಂತೆ ಕೂತಿದ್ದರು. ಎಲ್ಲರೂ ಶಹಬ್ಬಾಸ್ ಎಂದೆವು. ನಾನು ಮಾತ್ರ ಅಂದು ಕೆರೆಯ ಇನ್ನೊಂದು ಸುತ್ತು ಬರಲಿಲ್ಲ, ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ.

ಏಕೆಂದರೆ ನಾನು ನನ್ನ ತಾಯಿಯ ಮುಖವನ್ನು ನೋಡಿಲ್ಲ. ನೋಡಿರಬೇಕು, ಆದರೆ ನೆನಪಿಟ್ಟುಕೊಳ್ಳುವ ವಯಸ್ಸು ಅದಾಗಿರಲಿಲ್ಲ. ನಾನು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಾಗಲೇ ಜ್ವರದಲ್ಲಿ ಹೋದಳು. ಬಿನ್ನಿಪೇಟೆಯ ಮಿಲ್ಲಿನ ಕೆಲಸಗಾರರ ವಠಾರದಲ್ಲಿ ನಮ್ಮದೊಂದು ಮನೆ. ಫೋಟೋ ಎಂಬುದು ಆಗ ಮದುವೆಮನೆಯ ವೈಭವ. ಹಾಗೆ ವಠಾರದ ಯಾರದೋ ಮದುವೆಯಲ್ಲಿ ತೆಗೆದ ಗುಂಪಿನ ಫೋಟೋವೊಂದು ನಮ್ಮಲ್ಲಿದೆ. ಅದರ ಎಡತುದಿಯಲ್ಲಿ ಅಮ್ಮ ನಿಂತಿದ್ದಾಳೆ. ಕಂಕುಳಲ್ಲಿದ್ದ ನಾನು ಸರಿಯಾಗಿ ಅದೇ ಕ್ಷಣಕ್ಕೆ ರಾಗ ತೆಗೆದೆನಂತೆ, ಅವಳು ಸಮಾಧಾನ ಮಾಡಲು ತಿರುಗಿದಳಂತೆ. ಸೀರೆಯ ಅಂಚು ಸ್ಪಷ್ಟವಾಗಿದೆ, ತುರುಬು ಸ್ಪಷ್ಟವಾಗಿದೆ, ಬಾಯಿ ತೆರೆದ ನಾನಂತೂ ಅತಿ ಸ್ಪಷ್ಟವಾಗಿದ್ದೇನೆ. ಮುಖ ಇರಬೇಕಾದ ಕಡೆ ಒಂದು ಬಿಳಿಯ ಮಸುಕು.

ಅಮ್ಮನ ಮುಖ ಬಲ್ಲವರು ಈಗ ಭೂಮಿಯ ಮೇಲೆ ಒಬ್ಬರೇ: ನನ್ನ ಅಕ್ಕ ಪದ್ಮ. ಅಮ್ಮ ಹೋದಾಗ ಅವಳಿಗೆ ಹತ್ತು ವರ್ಷ. ಶಾಲೆ ಬಿಟ್ಟು, ನನ್ನನ್ನು ಕಂಕುಳಿಗೇರಿಸಿಕೊಂಡು, ಆ ವಯಸ್ಸಿಗೇ ಒಲೆಯ ಮುಂದೆ ಕೂತವಳು. ಈಗ ವಿಜಯನಗರದಲ್ಲಿ ಮಗಳು ವಸಂತಿಯ ಮನೆಯಲ್ಲಿದ್ದಾಳೆ. ವಸಂತಿ ಹೈಸ್ಕೂಲು ಮೇಡಂ. ಮನೆಯಲ್ಲಿ ಮಾತ್ರ ಅಕ್ಕನೇ ಹೆಡ್‌ಮಿಸ್ಟ್ರೆಸ್ಸು. ನಾನು ಹೋಗಿ, ಅವಳ ನೆನಪಿನಿಂದ ಅಮ್ಮನ ಮುಖವನ್ನು ಯಂತ್ರದಲ್ಲಿ ಬರೆಸುವ ನನ್ನ ಯೋಜನೆಯನ್ನು ಹೇಳಿದಾಗ ಅಕ್ಕ ಹುರಳಿಕಾಯಿ ಮುರಿಯುವುದನ್ನು ನಿಲ್ಲಿಸಿ, “ಅಮ್ಮನ್ನ ತೋರಿಸ್ತೀಯಾ ನನಗೆ?” ಎಂದಳು. ನಾನು ಅವಳಿಗೆ ತೋರಿಸಲು ಹೊರಟವನಲ್ಲ, ಅವಳಿಂದ ನಾನು ನೋಡಲು ಹೊರಟವನು. ಆ ವ್ಯತ್ಯಾಸ ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕಲಿಯುವುದು ಸುಲಭವಿರಲಿಲ್ಲ. ಯಾರೋ ಪುಣ್ಯಾತ್ಮರು ಮಾಡಿ ಅಂತರಜಾಲದಲ್ಲಿ ಬಿಟ್ಟಿದ್ದ, ಮುಖ ಚಿತ್ರಿಸುವ ಒಂದು ಸಿದ್ಧ ವರ್ಕ್‌ಫ್ಲೋವನ್ನು, ಎಂದರೆ ಯಂತ್ರ ಮಾಡಬೇಕಾದ ಕೆಲಸಗಳ ಸರಪಳಿಯನ್ನು, ಇಳಿಸಿಕೊಂಡೆ. ತೆರೆದರೆ ಪರದೆಯ ತುಂಬ ಪೆಟ್ಟಿಗೆಗಳು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಣ್ಣಬಣ್ಣದ ತಂತಿಗಳು. ಶ್ಯಾವಿಗೆ ಒತ್ತುವಾಗ ಮಣೆ ಜಾರಿ ಎಳೆಗಳೆಲ್ಲ ನೆಲದ ಮೇಲೆ ಚೆಲ್ಲಿದಂತೆ ಕಾಣುತ್ತಿತ್ತು. ಒಂದೊಂದು ಪೆಟ್ಟಿಗೆಗೂ ಒಂದೊಂದು ಕೆಲಸ ಎಂದು ತಿಳಿಯಲು ವಾರ ಹಿಡಿಯಿತು, ಯಾವುದರ ಕೆಲಸ ಯಾವುದಾದ ಮೇಲೆ ಎಂಬುದು ಆಮೇಲೂ ತಿಳಿಯಲಿಲ್ಲ. ಹೀಗಿರುವಾಗ, ಇಂಥ ವರ್ಕ್‌ಫ್ಲೋದ ಫೈಲನ್ನು ಒಪ್ಪಿಸಿದರೆ ಅದನ್ನು ಓದಿ ಅಚ್ಚುಕಟ್ಟಾದ ಫ್ಲೋಚಾರ್ಟ್ ಬರೆದುಕೊಡುವ ತಂತ್ರಾಂಶವೂ ಇದೆಯೆಂದು ಗೊತ್ತಾಯಿತು. ಒಪ್ಪಿಸಿದೆ. ಕ್ಷಣದಲ್ಲಿ ತಂತಿಗಳೆಲ್ಲ ಸಿಕ್ಕು ಬಿಡಿಸಿಕೊಂಡು, ತಲೆ ಬಾಚಿ ಜಡೆ ಹೆಣೆದ ಹುಡುಗಿಯಂತೆ, ಮೇಲಿನಿಂದ ಕೆಳಗೆ ಚೌಕ, ಬಾಣ, ಚೌಕ, ಬಾಣ ಎಂದು ನಿಂತವು. ಓದುಗ ಮಹಾಶಯರೇ, ದೂರದೇಶದಲ್ಲಿ ದಿಕ್ಕೆಟ್ಟು ಅಲೆಯುವವನಿಗೆ ಯಾರೋ ಕನ್ನಡದಲ್ಲಿ ‘ಊಟ ಆಯ್ತಾ’ ಎಂದರೆ ಹೇಗಾದೀತೋ ನನಗೆ ಹಾಗಾಯಿತು. ಕಾರ್ಖಾನೆಯ ನನ್ನ ಚೌಕ ಬಾಣಗಳೆಲ್ಲ ಹೊಸ ವೇಷದಲ್ಲಿ ಮನೆಗೆ ಬಂದಿದ್ದವು.

ಅಷ್ಟಕ್ಕೇ ಬಿಡುವುದು ನನ್ನ ಜಾಯಮಾನವಲ್ಲ. ಅಕ್ಕನಿಗೂ ತಿಳಿಯಲೆಂದು ಚೌಕಗಳಿಗೆಲ್ಲ ಕನ್ನಡದ ನಾಮಕರಣ ಮಾಡಿದೆ. ನಾವು ಕೊಡುವ ಫೋಟೋ ಇರುವುದು ‘ಮೂಲ’. ಅಲ್ಲಿ ವಠಾರದ ಫೋಟೋ, ಅಕ್ಕನ ಮದುವೆಯ ಹೊತ್ತಿನ ಫೋಟೋ, ನನ್ನ ಮೀಸೆ ಮೂಡುವ ಕಾಲದ ಒಂದು ಫೋಟೋ. ಮಕ್ಕಳ ಮುಖದಲ್ಲಿ ತಾಯಿ ಇರುತ್ತಾಳಲ್ಲ. ನಮ್ಮ ವರ್ಣನೆ ಹೋಗುವುದು ‘ಮಾತು’. ಏನೇನು ಬರಕೂಡದೋ ಅದನ್ನು ಹೇಳುವುದು ‘ಬೇಡ’. ಆಮೇಲೆ ‘ಮಂಜು’: ಯಂತ್ರವು ಬಿಳಿಹಾಳೆಯಿಂದ ಹೊರಡದೆ ಚುಕ್ಕೆಚುಕ್ಕೆಯ ಮಸುಕಿನಿಂದ ಹೊರಟು, ಅದನ್ನು ಸ್ವಲ್ಪಸ್ವಲ್ಪವೇ ಕರಗಿಸುತ್ತ ಚಿತ್ರವನ್ನು ಹೊರತೆಗೆಯುತ್ತದೆ. ಕೊನೆಗೆ ‘ಮುಖ’. ದೊಡ್ಡ ಹಾಳೆಯಲ್ಲಿ ಪ್ರಿಂಟು ಹಾಕಿಸಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಲ್ಯಾಪ್‌ಟಾಪಿನ ಚೀಲ ಹೆಗಲಿಗೇರಿಸಿ ವಿಜಯನಗರದ ಬಸ್ಸು ಹತ್ತಿದೆ. ಜಾತಕ ತೋರಿಸಲು ಹೊರಟ ಹೆಣ್ಣಿನ ತಂದೆಯಂತೆ ಕಾಣುತ್ತಿದ್ದೆನೆಂದು ತೋರುತ್ತದೆ. ಪಕ್ಕದವರು ಗೌರವದಿಂದ ಜಾಗ ಬಿಟ್ಟರು.

ಅಕ್ಕ ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಬೆರಳಿಟ್ಟು ಓದಿದಳು. ‘ಬೇಡ’ದ ಹತ್ತಿರ ಬೆರಳು ನಿಂತಿತು.

“ಇದೇನೋ ಇದು, ಬೇಡ ಅಂದ್ರೆ?”

“ಏನು ಬರಬಾರದೋ ಅದನ್ನ ಮೊದಲೇ ಹೇಳಿಬಿಡೋದು ಅಕ್ಕ.”

“ಮದುವೆಗೆ ಮುಂಚೆ ನನಗೊಂದು ಇಂಥಾ ಪೆಟ್ಟಿಗೆ ಕೊಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಕಣೋ” ಎಂದು ಗೋಡೆಯ ಮೇಲಿದ್ದ ಭಾವನವರ ಫೋಟೋದತ್ತ ನೋಡಿ ನಕ್ಕಳು.

ಆ ಮಳೆಗಾಲದ ಮಧ್ಯಾಹ್ನಗಳೆಲ್ಲ ಹೀಗೆ ಕಳೆದವು. ಸುಖದ ದಿನಗಳೆಂದು ಹೇಳಲು ಈಗ ನಾಲಿಗೆ ತಡೆಯುತ್ತದೆ, ಆದರೆ ಸುಖದ ದಿನಗಳೇ. ಮೊದಲು ಬಂದ ಅಮ್ಮನಿಗೆ ಧಾರಾವಾಹಿಯ ಅತ್ತೆಯಷ್ಟು ಒಡವೆಯಿತ್ತು. ಮಿಲ್ಲಿನ ಸಂಬಳದಲ್ಲಿ ಅಷ್ಟು ಒಡವೆ ಮಾಡಿಸಿದ ಅಪ್ಪನ ಸಾಮರ್ಥ್ಯಕ್ಕೆ ಅಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಎರಡನೆಯ ಅಮ್ಮ ತುಟಿಗೆ ಬಣ್ಣ ಹಚ್ಚಿಕೊಂಡು ಹಲ್ಲುಪುಡಿಯ ಜಾಹೀರಾತಿನಂತೆ ಹಲ್ಲು ಬಿಟ್ಟಿದ್ದಳು. ಇನ್ನೊಬ್ಬಳ ಸೆರಗು ಬಲಹೆಗಲಿನ ಮೇಲಿತ್ತು. ‘ಬೇಡ’ದ ಪೆಟ್ಟಿಗೆ ತುಂಬುತ್ತ ಹೋಯಿತು. ವಸಂತಿ ಶಾಲೆಯಿಂದ ಬಂದವಳು ಬಾಗಿಲಲ್ಲೇ ನಿಂತು, “ಇವತ್ತು ಎಷ್ಟು ಜನ ಅಜ್ಜೀರು ಬಂದ್ರು ಮಾಮಾ?” ಎನ್ನುತ್ತಿದ್ದಳು. ಕಾಫಿ ಕೊಡುತ್ತ ಒಮ್ಮೆ ನನ್ನೊಬ್ಬನಿಗೇ ಕೇಳುವಂತೆ, “ಅಮ್ಮ ಮಧ್ಯಾಹ್ನ ಮಲಗೋದೇ ಬಿಟ್ಟಿದಾಳೆ ಮಾಮಾ. ಒಬ್ಬಳೇ ಕೂತು ಕಣ್ಣು ಮುಚ್ಚಿ ಏನೋ ನೆನೆಸ್ಕೋತಿರ್ತಾಳೆ” ಎಂದಳು. ಉತ್ಸಾಹವೆಂದುಕೊಂಡೆ.

ಈಗ ಹಿಂದಿರುಗಿ ನೋಡಿದರೆ ಕಾಣುವ ಒಂದು ಸಂಗತಿ ಆಗ ಕಣ್ಣ ಮುಂದೆಯೇ ನಡೆಯುತ್ತಿತ್ತು. ಮೊದಮೊದಲು ಅಕ್ಕ ಹೇಳುತ್ತಿದ್ದ ಅಮ್ಮ ಒಂದೆಡೆ ನಿಲ್ಲುತ್ತಿರಲಿಲ್ಲ. “ಒಲೆ ಊದ್ತಾ ಊದ್ತಾ ಹೊಗೆಗೆ ಕಣ್ಣು ಕಿರಿದು ಮಾಡ್ಕೊಂಡು ತಿರುಗೋಳು ಕಣೋ” ಎನ್ನುವಳು. “ನಲ್ಲಿ ಹತ್ರ ಜಗಳ ಆದ್ರೆ ಸೆರಗು ಸಿಕ್ಕಿಸ್ಕೊಂಡು ಹೋಗೋಳು, ಬರೋವಾಗ ನಗ್ತಾ ಬರೋಳು” ಎನ್ನುವಳು. ನಾನು ಅದನ್ನೆಲ್ಲ ‘ಮಾತು’ ಎಂಬ ಪೆಟ್ಟಿಗೆಗೆ ತುಂಬಲು ನೋಡಿದರೆ, ಯಂತ್ರ ಹೊಗೆಯನ್ನು ಬರೆಯುತ್ತಿತ್ತು, ಒಲೆಯನ್ನು ಬರೆಯುತ್ತಿತ್ತು, ತಿರುಗುವುದನ್ನು ಬರೆಯಲು ಅದಕ್ಕೆ ಬರುತ್ತಿರಲಿಲ್ಲ. ಆಗ ನಾನೇ, “ಅದಿರಲಿ ಅಕ್ಕ, ಮೂಗು ಹೇಗಿತ್ತು ಹೇಳು” ಎನ್ನುತ್ತಿದ್ದೆ. ಬರಬರುತ್ತ ಅವಳಿಗೂ ಯಂತ್ರದ ಭಾಷೆ ಬಂತು. “ಹುಬ್ಬು ಒಂಚೂರು ಇಳಿಸು. ಗಲ್ಲ ಸಣ್ಣ ಮಾಡು. ಹಣೆ ಸರಿ ಇದೆ.” ಕಳುವಾದ ಮನೆಯಲ್ಲಿ ಪೊಲೀಸರಿಗೆ ಹೇಳುವಂತೆ ಹೇಳುತ್ತಿದ್ದಳು. ನಕ್ಷೆ ಸ್ಪಷ್ಟವಾದಂತೆಲ್ಲ ಅಮ್ಮನ ಓಡಾಟ ನಿಂತುಹೋಯಿತು.

ಕೊನೆಗೊಂದು ದಿನ, ಮಂಜು ಕರಗುತ್ತ ಕರಗುತ್ತ ಪರದೆಯ ಮೇಲೆ ಒಂದು ಹೆಂಗಸಿನ ಮುಖ ನಿಂತಿತು. ಸಾಧಾರಣ ಹತ್ತಿಸೀರೆ, ಕಿವಿಯಲ್ಲಿ ಪುಟ್ಟ ಬೆಂಡೋಲೆ, ಈಗತಾನೆ ಏನನ್ನೋ ಹೇಳಿ ಮುಗಿಸಿದಂಥ ತುಟಿ. ಅಕ್ಕ ಹತ್ತಿರ ಬಂದು ನೋಡಿದಳು, ದೂರ ಸರಿದು ನೋಡಿದಳು. “ಹೂಂ ಕಣೋ, ಹಿಂಗೇ ಇದ್ಲು” ಎಂದಳು. ನಾನು ಅತ್ತುಬಿಟ್ಟೆ. ತಾಯಿಯ ಮುಖ ನೋಡಿದೆನೆಂಬ ಆನಂದ ಎಷ್ಟೋ, ಪ್ರಕ್ರಿಯೆಯೊಂದು ಕೊನೆಯ ಚೌಕ ಮುಟ್ಟಿತೆಂಬ ಆನಂದ ಎಷ್ಟೋ, ಆ ಕಣ್ಣೀರಿನಲ್ಲಿ ಬೇರ್ಪಡಿಸಿ ಹೇಳಲಾರೆ. ಆ ಮುಖದಲ್ಲಿ ಅಕ್ಕನ ಛಾಯೆಯೇ ಹೆಚ್ಚಾಗಿತ್ತು. ಇರಲಿ, ನನಗೆ ಬುದ್ಧಿ ಬಂದಂದಿನಿಂದ ತಾಯಿಯೆಂದರೆ ಆ ಛಾಯೆಯೇ ತಾನೆ.

ವಸಂತಿ ಅದಕ್ಕೆ ಕಟ್ಟು ಹಾಕಿಸಿದಳು. ಹಾಲಿನ ಗೋಡೆಗೆ ಅಮ್ಮ ಬಂದಳು, ಗಂಧದ ಹಾರವೂ ಬಂತು. ನೆಂಟರಿಷ್ಟರು ಬಂದು ಕೈಮುಗಿದರು. ಅಮ್ಮನನ್ನು ಎಂದೂ ಕಂಡಿರದವರೂ “ಥೇಟ್ ಅವರೇ” ಎಂದರು. ನಾನು ನಕ್ಷೆಯನ್ನು ಬಿಡಿಸಿ ತೋರಿಸಿ ಎಲ್ಲರಿಗೂ ವಿವರಿಸುತ್ತಿದ್ದೆ. ಒಬ್ಬಿಬ್ಬರು ಆಕಳಿಸಿದ್ದು ಭಕ್ತಿಪರವಶತೆಯೆಂದು ಭಾವಿಸಿದೆ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಪದ್ಧತಿ. ಅಕ್ಕ ಪ್ರತಿ ವರ್ಷವೂ ಎಲೆಯ ಮುಂದೆ ಕೂತು ಕಣ್ಣು ಮುಚ್ಚಿ, ಬಾಯಿಬಿಟ್ಟೇ ಅಮ್ಮನನ್ನು ಕರೆದು ಎರಡು ಮಾತಾಡಿ ಏಳುವಳು. ಆ ವರ್ಷ ಕಣ್ಣು ಮುಚ್ಚಿದವಳು ಕೂತೇ ಇದ್ದಳು. ಅನ್ನ ಆರಿತು. ವಸಂತಿ ನನ್ನ ಮುಖ ನೋಡಿದಳು, ನಾನು ಗಡಿಯಾರ ನೋಡಿದೆ. ಅಮ್ಮನನ್ನು ಕರೆಯದೆಯೇ ಅಕ್ಕ ಎದ್ದುಬಿಟ್ಟಳು. ಊಟವಾದ ಮೇಲೆ ಬಾಲ್ಕನಿಯಲ್ಲಿ ನನ್ನ ಪಕ್ಕ ಕೂತು, ಎಲೆಯಡಿಕೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಹೇಳಿದಳು:

“ನಾಗೂ, ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ ಕಣೋ.”

“ಯಾವುದಕ್ಕ?”

“ಗೋಡೆ ಮೇಲಿರೋದು. ಹಾರ ಸಮೇತ ಬರುತ್ತೆ. ಅಮ್ಮ ಬರ್ತಾ ಇಲ್ಲ.”

ನಾನು ಏನೋ ಹೇಳಿದೆ. ಸ್ವಲ್ಪ ದಿನಕ್ಕೆ ಸರಿಹೋಗುತ್ತೆ, ದಿನಾ ನೋಡಿ ನೋಡಿ ಹಾಗಾಗಿರುತ್ತೆ ಎಂದೆ.

“ಮೊದಲು ಅರ್ಧ ಮುಖವೇ ಕಾಣ್ತಿದ್ದದ್ದು. ಹೊಗೆಯಲ್ಲಿ. ಆದ್ರೆ ತಿರುಗಿ ನನ್ನ ನೋಡೋಳು ಕಣೋ. ಇವಳು ಪೂರ್ತಿ ಕಾಣ್ತಾಳೆ, ನನ್ನ ನೋಡಲ್ಲ.”

“ಮತ್ತೆ ಅವತ್ತು ಹಿಂಗೇ ಇದ್ಲು ಅಂದೆಯಲ್ಲ ಅಕ್ಕ?”

“ಅಂದೆ. ಅಷ್ಟು ಹೊತ್ತಿಗೆ ನನಗೂ ಗೊತ್ತಾಗ್ತಾ ಇರ್ಲಿಲ್ಲ. ನಿನ್ನ ಮುಖ ಅಷ್ಟು ಆಸೆಯಲ್ಲಿತ್ತು.”

ಅಂದು ಮನೆಗೆ ಬಂದವನು ಆ ನಕ್ಷೆಯನ್ನು ಬಿಡಿಸಿಕೊಂಡು ಕೂತೆ. ಕಾರ್ಖಾನೆಯಲ್ಲಿ ಮಾಲು ಕೆಟ್ಟು ಬಂದರೆ ನಾವು ಮಾಡುತ್ತಿದ್ದದ್ದು ಅದೇ: ಕೊನೆಯ ಚೌಕದಿಂದ ಹಿಂದಕ್ಕೆ ನಡೆಯುತ್ತ, ಕೆಡುಕು ಎಲ್ಲಿ ಹೊಕ್ಕಿತೆಂದು ಹುಡುಕುವುದು. ‘ಮುಖ’ದಿಂದ ‘ಮಂಜಿ’ಗೆ, ‘ಮಂಜಿ’ನಿಂದ ‘ಮಾತಿ’ಗೆ, ‘ಮಾತಿ’ನಿಂದ ‘ಮೂಲ’ಕ್ಕೆ ಬೆರಳಿಟ್ಟು ಬಂದೆ. ಎಲ್ಲವೂ ಹೇಳಿದ ಕೆಲಸವನ್ನು ಹೇಳಿದಂತೆ ಮಾಡಿದ್ದವು. ಮಾಲು ಕೆಟ್ಟಿರಲಿಲ್ಲ. ಆದರೆ ಬಾಣಗಳೆಲ್ಲ ಕೆಳಮುಖವಾಗಿಯೇ ಇದ್ದವು. ಚಿತ್ರ ಹೊರಬಂದ ಮೇಲೆ ಅದು ನೋಡುವವರ ಕಣ್ಣೊಳಗೆ ಹೋಗಿ ಅಲ್ಲಿ ಯಾರನ್ನು ಎಬ್ಬಿಸಿ ತಾನು ಕೂರುತ್ತದೆ ಎಂಬುದು ಆ ತಂತ್ರಾಂಶಕ್ಕೆ ಕೊಟ್ಟ ಫೈಲಿನಲ್ಲಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಅದನ್ನು ಕಾಣಬೇಕಾಗಿದ್ದವನು ನಾನು. ಬದುಕಿನುದ್ದಕ್ಕೂ ನಕ್ಷೆ ಬರೆದವನಿಗೆ ಹಾಳೆಯ ಅಂಚಿನಾಚೆಗೆ ಏನಾಗುತ್ತದೆಂದು ನೋಡುವ ಅಭ್ಯಾಸವೇ ಆಗಿರಲಿಲ್ಲ.

ಮರುದಿನವೇ ಹೋಗಿ ಗೋಡೆಯ ಮೇಲಿದ್ದ ಆ ಚಿತ್ರದ ಕಟ್ಟನ್ನು ಇಳಿಸಿದೆ. ವಸಂತಿ ಆ ಮೊಳೆಗೆ ಕ್ಯಾಲೆಂಡರು ತಗುಲಿಹಾಕಿದಳು. ಎಲ್ಲ ಅಳಿಸಿಬಿಡುತ್ತೇನೆ ಅಕ್ಕ, ಕಂಪ್ಯೂಟರಿನಲ್ಲೂ ಇಡುವುದಿಲ್ಲ ಎಂದೆ. ಅವಳು ಕಟ್ಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ತುರುಕಿದಳು.

“ಅಳಿಸ್ಬೇಡ. ನೀನು ಇಟ್ಕೋ. ನಿನಗೆ ಏನೂ ಇರ್ಲಿಲ್ಲವಲ್ಲ.”

ಅದು ಈಗ ನನ್ನ ಬೀರುವಿನಲ್ಲಿದೆ. ತೆಗೆದು ನೋಡಿದರೆ ಅಪರಾಧಿಯಂತೆ ಅನ್ನಿಸುತ್ತದೆ, ನೋಡದಿದ್ದರೆ ಕೃತಘ್ನನಂತೆ. ನನಗೊಂದು ಮುಖ ಬಂತು, ಅವಳದೊಂದು ಹೋಯಿತು. ಇದು ವಿನಿಮಯವೂ ಅಲ್ಲ, ಅವಳದು ನನಗೆ ಬರಲಿಲ್ಲವಲ್ಲ. ಅವಳು ಅರ್ಧ ಮುಖವನ್ನೇ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳು, ಗಾಳಿಗೆ ದೀಪವನ್ನು ಸೆರಗಿನಲ್ಲಿ ಮರೆಮಾಡಿ ತರುವವರಂತೆ. ನಾನು ಬೆಳಕು ಸಾಲದೆಂದು ದೊಡ್ಡ ವಿದ್ಯುದ್ದೀಪ ಹಿಡಿದು ಎದುರು ನಿಂತೆ.

ಚಳಿಗಾಲ ಬಂತು. ನಾನು ಮೊದಲಿನಂತೆಯೇ ವಾರಕ್ಕೊಮ್ಮೆ ವಿಜಯನಗರಕ್ಕೆ ಹೋಗುತ್ತಿದ್ದೆ, ಲ್ಯಾಪ್‌ಟಾಪಿಲ್ಲದೆ. ಅಮ್ಮನ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅಕ್ಕ ಬೇಗ ದಣಿಯುತ್ತಿದ್ದಳು, ಆದರೂ ನನಗೆಂದು ಏನಾದರೊಂದು ಮಾಡಿ ಡಬ್ಬಿಗೆ ಹಾಕಿಡುತ್ತಿದ್ದಳು. ಒಂದು ಸಂಜೆ ಅವರೆಕಾಳಿನ ಉಸಲಿಯ ಡಬ್ಬಿಯನ್ನು ಮೇಜಿನ ಮೇಲೆಯೇ ಮರೆತು ಹೊರಟೆ. ಮೆಟ್ಟಿಲಿಳಿದು, ಗೇಟು ದಾಟಿ, ರಸ್ತೆಯ ತಿರುವಿನ ಹತ್ತಿರ ಹೋಗಿದ್ದೆ. ಹಿಂದೆ ಮೇಲಿನಿಂದೊಂದು ಕೂಗು ಬಂತು:

“ಗುಂಡೂ… ಏ ಗುಂಡೂ…ಊ…”

ಕೊನೆಯ ಅಕ್ಷರವನ್ನು ಮೇಲಕ್ಕೆಳೆದು, ಅಲ್ಲೇ ಸ್ವಲ್ಪ ತಡೆದು, ನಗುವನ್ನು ಬಚ್ಚಿಟ್ಟುಕೊಂಡು ಬಿಟ್ಟಂಥ ಕೂಗು. ಯಾರದೋ ಮಗುವನ್ನು ಯಾರೋ ಕರೆಯುತ್ತಿದ್ದಾರೆಂದು ನಾನು ಹೆಜ್ಜೆ ಹಾಕುತ್ತಲೇ ಇದ್ದೆ. ಗುಂಡು ಎನ್ನಿಸಿಕೊಳ್ಳಲು ನನ್ನ ಮೈಮೇಲೆ ಯಾವ ಆಧಾರವೂ ಇಲ್ಲ, ನಾನು ಕೊಡೆಯ ಕಡ್ಡಿಯಂಥ ಮನುಷ್ಯ. ಎರಡನೆಯ ಸಲ ಕೇಳಿದಾಗ ತಿರುಗಿ ನೋಡಿದೆ. ಮಹಡಿಯ ಬಾಲ್ಕನಿಯಲ್ಲಿ ಅಕ್ಕ ಒಂದು ಕೈಯಲ್ಲಿ ಡಬ್ಬಿ ಹಿಡಿದು, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ನಾನು ಮೆಟ್ಟಿಲು ಹತ್ತಿ ಹೋಗುವಷ್ಟರಲ್ಲಿ ಅವಳೇ ಬಾಗಿಲಿಗೆ ಬಂದಿದ್ದಳು. ಮುಖ ಕೆಂಪಾಗಿತ್ತು.

“ಅಮ್ಮ ನಿನ್ನ ಹಂಗೇ ಕೂಗ್ತಿದ್ದದ್ದು ಕಣೋ. ದುಂಡುದುಂಡಗೆ ಇದ್ಯಲ್ಲ, ಗುಂಡೂ ಅನ್ನೋಳು. ಅವಳು ಹೋದಮೇಲೆ ಆ ಹೆಸರು ಕೇಳಿದ್ರೆ ಅಪ್ಪ ಎದ್ದು ಹೊರಗೆ ಹೋಗ್ಬಿಡೋರು. ಅದಕ್ಕೆ ನಾನೂ ಬಿಟ್ಟುಬಿಟ್ಟೆ. ಎಲ್ಲಿತ್ತೋ ಗೊತ್ತಿಲ್ಲ, ಬಂದ್ಬಿಡ್ತು.”

“ನಿನ್ನ ದನಿ ಹಾಗಿಲ್ಲವಲ್ಲ ಅಕ್ಕ.”

“ನನ್ನ ದನಿ ಅಲ್ಲ ಅದು” ಎಂದಳು.

ನಾವಿಬ್ಬರೂ ಹೊಸಿಲಿನ ಈಚೆ ಆಚೆ ನಿಂತಿದ್ದೆವು. ಪಕ್ಕದ ಮನೆಯವರ ಕುಕ್ಕರು ಕೂಗುತ್ತಿತ್ತು. ನನ್ನ ಜೇಬಿನಲ್ಲಿ ಮೊಬೈಲು ಇತ್ತು. ದನಿಯನ್ನು ಹಿಡಿದಿಟ್ಟು, ಅದರಿಂದ ಎಷ್ಟು ಬೇಕಾದರೂ ಮಾತಾಡಿಸುವ ತಂತ್ರಾಂಶಗಳೂ ಇವೆಯೆಂದು ನನಗೆ ಗೊತ್ತಿತ್ತು. ಕೈ ಅಲ್ಲಿಯವರೆಗೆ ಹೋಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಹೋದ ಕೈ ಬರಿಗೈಯಾಗಿ ವಾಪಸ್ಸು ಬಂತು.

“ಇನ್ನೊಂದ್ಸಲ ಕೂಗಕ್ಕ” ಎಂದೆ.

ಅವಳು ಕಣ್ಣು ಮುಚ್ಚಿ ಪ್ರಯತ್ನಿಸಿದಳು. “ಗುಂಡೂ” ಎಂದಳು. ಅದು ಅಕ್ಕನ ದನಿ, ಎಪ್ಪತ್ತು ದಾಟಿದ, ಸ್ವಲ್ಪ ಒಡೆದ, ನನಗೆ ಚಿರಪರಿಚಿತವಾದ ದನಿ. ಅವಳಿಗೂ ಗೊತ್ತಾಯಿತು. “ಕೇಳಿದ್ರೆ ಬರಲ್ಲ ಕಣೋ” ಎಂದು ಡಬ್ಬಿಯನ್ನು ನನ್ನ ಕೈಗಿಟ್ಟಳು.

ಆಮೇಲೆ ಒಂದೆರಡು ಸಲ ಬೇಕೆಂದೇ ಒಂದೊಂದು ವಸ್ತುವನ್ನು ಅವಳ ಮನೆಯಲ್ಲಿ ಬಿಟ್ಟು ಹೊರಟು, ರಸ್ತೆಯ ತಿರುವಿನ ಹತ್ತಿರ ಹೆಜ್ಜೆ ನಿಧಾನ ಮಾಡಿ ನೋಡಿದ್ದೇನೆ. ಅಕ್ಕ ಬಾಲ್ಕನಿಗೆ ಬರುತ್ತಾಳೆ. “ನಾಗೂ, ಕನ್ನಡಕ ಬಿಟ್ಟೆ ನೋಡು” ಎನ್ನುತ್ತಾಳೆ. ನಾನು ಹಿಂದಿರುಗಿ ಹೋಗಿ ಕನ್ನಡಕ ಹಾಕಿಕೊಂಡು ಬರುತ್ತೇನೆ.